ಹಳೆಯ ಟ್ರಾಕ್ಟರಿನ ಇಂಡಿಕೇಟರು, ಪಾರ್ಕಿಂಗ್ ದೀಪ ಕೈಕೊಟ್ಟಾಗ

ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ಕಡೆಯಾಗಲಿ, ಬೆಳಗಾವಿ, ಬಾಗಲಕೋಟೆಗಳ ಕಡೆಯಾಗಲಿ ರಾತ್ರಿ ಹೊತ್ತು ರಸ್ತೆಯಲ್ಲಿ ಹೋದವರಿಗೆ ಇದು ಗೊತ್ತು. ಮುಂದೆ ಏನೂ ಇಲ್ಲವೆಂದುಕೊಂಡು ಹೋಗುತ್ತಿರುವಾಗ ಇದ್ದಕ್ಕಿದ್ದಂತೆ ಕತ್ತಲಿನೊಳಗಿಂದಲೇ ಕಬ್ಬಿನ ಗೋಡೆಯೊಂದು ಎದ್ದು ನಿಂತಂತೆ ಕಾಣುತ್ತದೆ. ಅದು ಹೇರು ತುಂಬಿದ ಟ್ರೇಲರು. ಅದಕ್ಕೆ ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಕಾರಿನವನು ಹೇಗೋ ಬ್ರೇಕು ಹಾಕಿ ಉಳಿದುಕೊಂಡಾನು. ದ್ವಿಚಕ್ರ ವಾಹನದಲ್ಲಿ ಬರುವವನಿಗೆ ಅಷ್ಟು ಅವಕಾಶವಿರುವುದಿಲ್ಲ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ತಗ್ಗಿಸಿದ ಹೆಡ್‌ಲೈಟಿನ ಬೆಳಕಿನಲ್ಲಿ 30 ಮೀಟರು ದೂರದಲ್ಲಿ ನಿಂತ ಟ್ರೇಲರು ಕಂಡಿತೆಂದರೆ ಅವನ ಕೈಯಲ್ಲಿರುವುದು ಎರಡು ಸೆಕೆಂಡಿಗೂ ಕಡಿಮೆ ಸಮಯ.

ಟ್ರಾಕ್ಟರಿನ ಯಜಮಾನರನ್ನು ಕೇಳಿದರೆ, ದೀಪ ಹಾಕಿಸಿದ್ದೆವು, ಆದರೆ ನಿಲ್ಲುವುದಿಲ್ಲ ಎನ್ನುತ್ತಾರೆ. ಈ ಮಾತು ಸುಳ್ಳಲ್ಲ. ಎಂಜಿನ್ನು, ಗೇರು, ಹೈಡ್ರಾಲಿಕ್ಕುಗಳ ವಿಷಯದಲ್ಲಿ ಇಷ್ಟೊಂದು ಎಚ್ಚರ ವಹಿಸುವ ರೈತ ಬಾಂಧವರು ದೀಪಗಳ ವಿಷಯದಲ್ಲಿ ಉದಾಸೀನರಾಗಿರುವುದಕ್ಕೆ ಮುಖ್ಯ ಕಾರಣ ಸೋಮಾರಿತನವಲ್ಲ, ದುಡ್ಡು ಖರ್ಚು ಮಾಡಿಯೂ ಫಲ ಸಿಗದೆ ಬೇಸತ್ತಿರುವುದು. ಹಿಂದೊಮ್ಮೆ ಕ್ಷೇತ್ರೋತ್ಸವಕ್ಕೆ ತಮ್ಮ ಹಳೆಯ ಟ್ರಾಕ್ಟರಿನಲ್ಲೇ ಬಂದಿದ್ದ ರೈತರೊಬ್ಬರು ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಗಾಡಿಯ ಬಳಿಗೆ ಕರೆದುಕೊಂಡು ಹೋದರು. "ನೋಡಿ ಸ್ವಾಮಿ, ಎಡಕ್ಕೆ ಇಂಡಿಕೇಟರು ಹಾಕಿದರೆ ಪಾರ್ಕಿಂಗ್ ದೀಪ ಮಿಣಿಮಿಣಿ ಅನ್ನುತ್ತೆ. ಮೂರು ಫ್ಲಾಷರು ಬದಲಾಯಿಸಿದೆ. ಬಲ್ಬು ಎಷ್ಟು ಹಾಕಿದೆನೋ ಲೆಕ್ಕವೇ ಇಲ್ಲ" ಎಂದರು. ಎಡ ಮಡ್‌ಗಾರ್ಡಿನ ದೀಪದ ಪೆಟ್ಟಿಗೆಯನ್ನು ಹಿಡಿದಿದ್ದ ಬೋಲ್ಟನ್ನು ಬಿಚ್ಚಿ, ಅದರ ಕೆಳಗಿನ ಬಣ್ಣವನ್ನೂ ತುಕ್ಕನ್ನೂ ಎಮರಿ ಕಾಗದದಿಂದ ತಿಕ್ಕಿ ಮತ್ತೆ ಬಿಗಿ ಮಾಡಿದೆವು. ಹತ್ತು ನಿಮಿಷದ ಕೆಲಸ. ಇಂಡಿಕೇಟರು ಸರಿಯಾಗಿ ಮಿನುಗಿತು. ಅವರು ಸಂತೋಷಪಡುವುದಕ್ಕಿಂತ ಹೆಚ್ಚಾಗಿ, ಕಳೆದ ದುಡ್ಡಿನ ನೆನಪಿನಿಂದ ಸಿಟ್ಟಾದರು!

ಹಳೆಯ ಗಾಡಿಗಳಲ್ಲಿ ದೀಪದ ತೊಂದರೆಗಳ ಪೈಕಿ ಬಹುಪಾಲು ಇಂಥವೇ. ಬಲ್ಬೂ ಫ್ಲಾಷರೂ ಕೆಟ್ಟಿರುವುದಿಲ್ಲ. ವಿದ್ಯುತ್ತು ಹಿಂದಿರುಗುವ ದಾರಿ ಕೆಟ್ಟಿರುತ್ತದೆ. ಯಾವ ಭಾಗವನ್ನಾದರೂ ಬದಲಾಯಿಸುವ ಮೊದಲು ಈ ದಾರಿಯನ್ನು ಪರೀಕ್ಷಿಸಿ ನೋಡುವುದನ್ನು ನೀವು ರೂಢಿ ಮಾಡಿಕೊಳ್ಳಬೇಕು.

ಹೋಗುವ ದಾರಿ, ಬರುವ ದಾರಿ

ಪಂಪಿನಿಂದ ಹೊರಟ ನೀರು ಗದ್ದೆ ಸೇರಿದರೆ ಕೆಲಸ ಮುಗಿಯಿತು, ಅದು ಬಾವಿಗೆ ಹಿಂದಿರುಗಬೇಕಾಗಿಲ್ಲ. ವಿದ್ಯುತ್ತಿನ ರೀತಿ ಹಾಗಲ್ಲ. ಬ್ಯಾಟರಿಯ ಒಂದು ತುದಿಯಿಂದ ಹೊರಟದ್ದು ಬಲ್ಬಿನ ಮೂಲಕ ಹಾದು ಬ್ಯಾಟರಿಯ ಇನ್ನೊಂದು ತುದಿಗೆ ಬಂದು ಸೇರಲೇಬೇಕು. ಹೋಗುವುದಕ್ಕೆ ವೈರು ಇರುತ್ತದೆ. ಬರುವುದಕ್ಕೆ ಬೇರೆ ವೈರು ಇಟ್ಟಿರುವುದಿಲ್ಲ. ಗಾಡಿಯ ಕಬ್ಬಿಣದ ಮೈಯೇ ಹಿಂದಿರುಗುವ ದಾರಿ. ಬ್ಯಾಟರಿಯ ಒಂದು ತುದಿಯನ್ನು ದಪ್ಪ ಪಟ್ಟಿಯಿಂದ ಗಾಡಿಯ ಮೈಗೆ ಬಿಗಿದಿರುತ್ತಾರೆ. ಇದನ್ನೇ ಮೆಕ್ಯಾನಿಕ್ಕುಗಳು ಅರ್ತಿಂಗ್ ಎನ್ನುವುದು.

ಹೊಸ ಗಾಡಿಯಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇಪ್ಪತ್ತು ಮೂವತ್ತು ವರ್ಷ ಕೆಸರು ಗದ್ದೆಯಲ್ಲಿ ದುಡಿದ ಟ್ರಾಕ್ಟರಿನಲ್ಲಿ ದೀಪದ ಪೆಟ್ಟಿಗೆಗೂ ಮಡ್‌ಗಾರ್ಡಿಗೂ ನಡುವೆ ತುಕ್ಕು, ಮಡ್‌ಗಾರ್ಡಿಗೂ ಆಕ್ಸಲಿಗೂ ನಡುವೆ ತುಕ್ಕು. ಅದರ ಮೇಲೆ ಎರಡು ಸಲ ಬಣ್ಣ ಬೇರೆ ಹೊಡೆಸಿರುತ್ತೀರಿ. ಬಣ್ಣವೂ ತುಕ್ಕೂ ವಿದ್ಯುತ್ತನ್ನು ಬಿಟ್ಟುಕೊಡುವುದಿಲ್ಲ.

ಬ್ಯಾಟರಿಯ ಯಾವ ತುದಿಯನ್ನು ಮೈಗೆ ಬಿಗಿದಿದ್ದಾರೆ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಈಗಿನ ಗಾಡಿಗಳಲ್ಲೆಲ್ಲ ಋಣ ತುದಿ, ಅಂದರೆ ಮೈನಸ್ ಗುರುತಿನದು. ಡೈನಮೋ ಇರುವ ಬಹಳ ಹಳೆಯ ಬ್ರಿಟಿಷ್ ಮಾದರಿಗಳಲ್ಲಿ ಪ್ಲಸ್ ತುದಿಯನ್ನು ಮೈಗೆ ಕೊಟ್ಟಿರುವುದುಂಟು. ಸಾಮಾನ್ಯ ಬಲ್ಬಿಗೆ ಯಾವುದಾದರೂ ಒಂದೇ. ಎಲೆಕ್ಟ್ರಾನಿಕ್ ಫ್ಲಾಷರಿಗೂ ಎಲ್‌ಇಡಿ ದೀಪಗಳಿಗೂ ಹಾಗಲ್ಲ. ತಿರುಗಾಮುರುಗಾ ಕೊಟ್ಟರೆ ಕೆಲಸ ಮಾಡುವುದಿಲ್ಲ, ಕೆಲವು ಸುಟ್ಟೂ ಹೋಗುತ್ತವೆ.

ಪರೀಕ್ಷಾ ದೀಪ

ಈ ಕೆಲಸಕ್ಕೆ ದುಬಾರಿ ಉಪಕರಣ ಬೇಡ. 12 ವೋಲ್ಟಿನ 5 ವ್ಯಾಟ್ ಬಲ್ಬು ಒಂದು, ಅದರ ಹೋಲ್ಡರು, ತಲಾ ಎರಡು ಮೀಟರು ಉದ್ದದ ಎರಡು ಮೆತು ವೈರು ತೆಗೆದುಕೊಳ್ಳಿ. ಒಂದು ವೈರಿನ ತುದಿಗೆ ಹಲ್ಲು ಕಚ್ಚುವ ಕ್ಲಿಪ್ಪು, ಇನ್ನೊಂದರ ತುದಿಗೆ ದಪ್ಪ ಸೂಜಿ ಅಥವಾ ಚೂಪು ಮಾಡಿದ ಮೊಳೆಯನ್ನು ಜೋಡಿಸಿ. ಇದೇ ಪರೀಕ್ಷಾ ದೀಪ. ಕ್ಲಿಪ್ಪನ್ನು ಬ್ಯಾಟರಿಯ ಅರ್ತಿಂಗ್ ತುದಿಗೇ ಕಚ್ಚಿಸಿ, ಸೂಜಿಯನ್ನು ವೈರಿನ ಯಾವುದೇ ಕೂಡುಗಂಟಿಗೆ ಮುಟ್ಟಿಸಿದರೆ, ಅಲ್ಲಿಯವರೆಗೆ ವಿದ್ಯುತ್ತು ಬಂದಿದ್ದರೆ ದೀಪ ಉರಿಯುತ್ತದೆ. ಕ್ಲಿಪ್ಪನ್ನು ಗಾಡಿಯ ಮೈಗೆ ಕಚ್ಚಿಸಬೇಡಿ. ಮೈಯ ಮೇಲೆಯೇ ಅನುಮಾನವಿರುವಾಗ ಅದನ್ನೇ ಸಾಕ್ಷಿಗೆ ಕರೆಯುವುದು ಸರಿಯಲ್ಲ. ಜೊತೆಗೆ ಎರಡು ತುದಿಗೂ ಕ್ಲಿಪ್ಪಿರುವ ನಾಲ್ಕೈದು ಮೀಟರು ಉದ್ದದ ಬರಿಯ ವೈರೊಂದನ್ನೂ ಮಾಡಿಟ್ಟುಕೊಳ್ಳಿ. ಅದರ ಉಪಯೋಗ ಮುಂದೆ ಬರುತ್ತದೆ.

ಬ್ಯಾಟರಿಯ ಬಳಿ ಕೈಯಿಡುವಾಗ ಉಂಗುರ, ಕಡಗಗಳನ್ನು ತೆಗೆದಿಡಿ. ಬೀಡಿ ಹಚ್ಚಬೇಡಿ, ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಗಾಳಿಗೆ ಕಿಡಿ ತಾಕಿದರೆ ಸಿಡಿಯುತ್ತದೆ. ತುದಿಗಳನ್ನು ಬಿಚ್ಚಬೇಕಾದಾಗ ಅರ್ತಿಂಗ್ ತುದಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನು ಕೊನೆಯಲ್ಲಿ ಹಾಕಿ. ಹೀಗೆ ಮಾಡಿದರೆ ಸ್ಪಾನರು ಗಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ.

ತೊಂದರೆ ಎಲ್ಲಿದೆಯೆಂದು ಲಕ್ಷಣದಿಂದಲೇ ತಿಳಿಯಬಹುದು

ಸ್ಕ್ರೂಡ್ರೈವರು ಹಿಡಿಯುವ ಮೊದಲು ಒಂದು ಸಂಜೆ ಗಾಡಿಯನ್ನು ನಿಲ್ಲಿಸಿ, ಒಬ್ಬರನ್ನು ಮೇಲೆ ಕೂರಿಸಿ ಒಂದೊಂದೇ ಸ್ವಿಚ್ಚನ್ನು ಹಾಕಿಸುತ್ತಾ ಸುತ್ತಲೂ ನಡೆದು ನೋಡಿ. ರೋಗದ ಲಕ್ಷಣ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಯಾವ ದೀಪವೂ ಇಲ್ಲ, ಹಾರನ್ನೂ ಇಲ್ಲ ಎಂದಾದರೆ ಬ್ಯಾಟರಿ, ಅದರ ತುದಿಗಳು ಅಥವಾ ಮುಖ್ಯ ಫ್ಯೂಸು. ನಾಲ್ಕು ಇಂಡಿಕೇಟರೂ ಸತ್ತಿವೆ, ಆದರೆ ಪಾರ್ಕಿಂಗ್ ದೀಪ ಚೆನ್ನಾಗಿದೆ ಎಂದರೆ ಇಂಡಿಕೇಟರಿನ ಫ್ಯೂಸನ್ನೋ ಫ್ಲಾಷರನ್ನೋ ಸಂಶಯಿಸಬೇಕು. ಸಾಮಾನ್ಯವಾಗಿ ಇಂಡಿಕೇಟರಿಗೆ ವಿದ್ಯುತ್ತು ಬರುವುದು ಕೀಲಿ ತಿರುಗಿಸಿದ ಮೇಲೆ. ಪಾರ್ಕಿಂಗ್ ದೀಪಕ್ಕೆ ಕೀಲಿಯ ಹಂಗಿಲ್ಲ. ಆದ್ದರಿಂದ ಕೀಲಿಯ ಸ್ವಿಚ್ಚು ಸವೆದಿದ್ದರೂ ಹೀಗಾಗುತ್ತದೆ. ನಾಲ್ಕು ದೀಪವನ್ನೂ ಒಟ್ಟಿಗೆ ಮಿನುಗಿಸುವ ಅಪಾಯ ಸೂಚನೆಯ ಗುಂಡಿ ನಿಮ್ಮ ಗಾಡಿಯಲ್ಲಿದ್ದರೆ ಅದನ್ನು ಹತ್ತು ಸಲ ಒತ್ತಿ ಬಿಟ್ಟು ನೋಡಿ. ಅನೇಕ ಮಾದರಿಗಳಲ್ಲಿ ಇಂಡಿಕೇಟರಿನ ವಿದ್ಯುತ್ತು ಈ ಗುಂಡಿಯ ಮೂಲಕವೇ ಹಾದುಹೋಗುತ್ತದೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಗುಂಡಿಯ ಒಳಗೆ ಕಿಲುಬು ಕಟ್ಟಿ ದಾರಿ ಮುಚ್ಚಿರುತ್ತದೆ.

ಒಂದು ಕಡೆಯದು ಮಿನುಗುತ್ತದೆ, ಇನ್ನೊಂದು ಕಡೆಯದು ಇಲ್ಲವೆಂದರೆ ಫ್ಲಾಷರು ಚೆನ್ನಾಗಿದೆ ಎಂದೇ ಅರ್ಥ. ಎರಡೂ ಬದಿಗೆ ಇರುವುದು ಒಂದೇ ಫ್ಲಾಷರಲ್ಲವೇ! ಹೀಗಿದ್ದೂ ಫ್ಲಾಷರು ಬದಲಿಸಿ ಬಂದವರನ್ನು ನಾನು ಕಂಡಿದ್ದೇನೆ. ಇಲ್ಲಿ ನೋಡಬೇಕಾದದ್ದು ಆ ಬದಿಯ ಬಲ್ಬು, ಹೋಲ್ಡರು, ಅರ್ತಿಂಗ್ ಮತ್ತು ಇಂಡಿಕೇಟರಿನ ಸ್ವಿಚ್ಚು. ಮಿನುಗುವ ಲಯ ಬದಲಾದರೂ ಬಲ್ಬಿನ ಕಡೆಗೇ ನೋಡಬೇಕು. ನಿಮಿಷಕ್ಕೆ 60ರಿಂದ 120 ಸಲ ಮಿನುಗುವುದು ಸರಿಯಾದ ಲಯ. ಒಂದು ಬಲ್ಬು ಹೋದಾಗ ಕೆಲವು ಫ್ಲಾಷರುಗಳು ಅವಸರ ಅವಸರವಾಗಿ ಮಿನುಗುತ್ತವೆ, ಬಿಸಿ ತಂತಿಯಿಂದ ನಡೆಯುವ ಹಳೆಯ ಕೆಲವು ಫ್ಲಾಷರುಗಳಲ್ಲಿ ಉಳಿದ ದೀಪ ಮಿನುಗದೆ ಸುಮ್ಮನೆ ಉರಿಯುತ್ತಾ ನಿಲ್ಲುತ್ತದೆ.

ಇನ್ನು, ಒಂದು ದೀಪ ಹಾಕಿದರೆ ಇನ್ನೊಂದು ಮಿಣುಕುವುದು, ಬ್ರೇಕು ಒತ್ತಿದರೆ ಪಾರ್ಕಿಂಗ್ ದೀಪ ಆರುವುದು, ಇಂಡಿಕೇಟರಿನ ತಾಳಕ್ಕೆ ಹಿಂದಿನ ಕೆಂಪು ದೀಪವೂ ಕುಣಿಯುವುದು — ಇವು ನೋಡುವುದಕ್ಕೆ ದೆವ್ವದ ಕಾಟದಂತೆ ಇರುತ್ತವೆ. ಇವಕ್ಕೆಲ್ಲ ಮೊದಲ ಸಂಶಯ ಅರ್ತಿಂಗಿನ ಮೇಲೆ.

ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿದುಕೊಂಡರೆ ಮತ್ತೆ ಮರೆಯುವುದಿಲ್ಲ. ಮಡ್‌ಗಾರ್ಡಿನ ಮೇಲಿರುವ ಪೆಟ್ಟಿಗೆಯಲ್ಲಿ ಇಂಡಿಕೇಟರು ಬಲ್ಬು, ಪಾರ್ಕಿಂಗ್ ಬಲ್ಬು ಎರಡೂ ಇರುತ್ತವೆ. ಎರಡಕ್ಕೂ ಹಿಂದಿರುಗುವ ದಾರಿ ಒಂದೇ. ಪೆಟ್ಟಿಗೆಯನ್ನು ಹಿಡಿದ ಬೋಲ್ಟು. ಆ ಬೋಲ್ಟಿನಲ್ಲಿ ತುಕ್ಕು ತುಂಬಿ ದಾರಿ ಮುಚ್ಚಿತೆನ್ನಿ. ಒಡ್ಡು ಕಟ್ಟಿದ ಕಾಲುವೆಯ ನೀರು ಪಕ್ಕದ ತೂಬಿನಲ್ಲಿ ನುಗ್ಗುವಂತೆ, ಇಂಡಿಕೇಟರಿನಿಂದ ಬಂದ ವಿದ್ಯುತ್ತು ಪಕ್ಕದ ಪಾರ್ಕಿಂಗ್ ಬಲ್ಬಿನೊಳಗೆ ಹಿಮ್ಮುಖವಾಗಿ ನುಗ್ಗಿ, ಅದರ ವೈರಿನಲ್ಲೇ ಮುಂದಿನ ಪಾರ್ಕಿಂಗ್ ದೀಪಗಳವರೆಗೆ ಹೋಗಿ, ಅಲ್ಲಿಯ ಅರ್ತಿಂಗಿನಿಂದ ಬ್ಯಾಟರಿ ಸೇರುತ್ತದೆ. ದಾರಿ ಸುತ್ತು, ನಡುವೆ ಹಲವು ಬಲ್ಬುಗಳು. ಆದ್ದರಿಂದ ಯಾವುದಕ್ಕೂ ಪೂರ್ಣ ಬಲ ಸಿಗದೆ ಎಲ್ಲವೂ ಮಂಕಾಗಿ ಉರಿಯುತ್ತವೆ. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಬೇಕಾದ 1.75 ಆಂಪಿಯರ್ ಸಿಗುವುದೇ ಇಲ್ಲ. ಅಷ್ಟು ಸಿಗದಿದ್ದರೆ ಫ್ಲಾಷರೂ ಮಿನುಗಿಸುವುದಿಲ್ಲ. ಆಗ ತಪ್ಪು ಫ್ಲಾಷರಿನ ತಲೆಯ ಮೇಲೆ ಬೀಳುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಆ ಬರಿಯ ವೈರು ಬೇಕು. ದೀಪದ ಸ್ವಿಚ್ಚು ಹಾಕಿ, ವೈರಿನ ಒಂದು ತುದಿಯನ್ನು ಬ್ಯಾಟರಿಯ ಅರ್ತಿಂಗ್ ತುದಿಗೆ ಕಚ್ಚಿಸಿ, ಇನ್ನೊಂದನ್ನು ಬಲ್ಬಿನ ಹಿತ್ತಾಳೆಯ ಹೊರಮೈಗೆ ಅಥವಾ ಹೋಲ್ಡರಿನ ಮೈಗೆ ಮುಟ್ಟಿಸಿ. ಮಂಕಾಗಿದ್ದ ದೀಪ ಥಟ್ಟನೆ ಬೆಳಗಿದರೆ ರೋಗ ಸಿಕ್ಕಿತು. ವೋಲ್ಟ್ ಮೀಟರು ಇದ್ದವರು ಇವೆರಡರ ನಡುವೆ, ದೀಪ ಉರಿಯುತ್ತಿರುವಾಗ ಅಳೆದು ನೋಡಬಹುದು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತಿಂಗ್ ಸಾಲದು. ಇದನ್ನು ಸಣ್ಣದೆಂದು ತಿಳಿಯಬೇಡಿ. 12 ವೋಲ್ಟಿನ ಬಲ್ಬಿಗೆ ಹತ್ತೂವರೆ ವೋಲ್ಟು ಮಾತ್ರ ಸಿಕ್ಕಿದರೆ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ.

ರಿಪೇರಿಯಲ್ಲಿ ಎರಡು ಬಗೆ. ಬೋಲ್ಟು ಬಿಚ್ಚಿ, ಕಬ್ಬಿಣ ಹೊಳೆಯುವವರೆಗೆ ತಿಕ್ಕಿ, ಹಲ್ಲಿನ ವಾಷರು ಹಾಕಿ ಬಿಗಿದು, ಮೇಲೆ ಸ್ವಲ್ಪ ಗ್ರೀಸು ಸವರುವುದು ಒಂದು. ಇದು ಒಂದೆರಡು ಮಳೆಗಾಲ ಬಾಳೀತು. ಹೋಲ್ಡರಿನ ಮೈಯಿಂದಲೇ ಒಂದು ಕಪ್ಪು ವೈರು ಎಳೆದು ಗಾಡಿಯ ಚಾಸಿಯಲ್ಲಿ ಗಟ್ಟಿಯಾದ ಒಂದು ಬೋಲ್ಟಿಗೆ ನೇರವಾಗಿ ಕೊಡುವುದು ಇನ್ನೊಂದು. ನನ್ನನ್ನು ಕೇಳಿದರೆ ಹಳೆಯ ಗಾಡಿಗೆ ಇದೇ ಸರಿ. ಎರಡು ಮಡ್‌ಗಾರ್ಡಿಗೂ ಮುಂದಿನ ದೀಪಗಳಿಗೂ ಹೀಗೆ ಒಮ್ಮೆ ಮಾಡಿಬಿಟ್ಟರೆ ಎಷ್ಟು ಸಲ ಬಣ್ಣ ಹೊಡೆಸಿದರೂ ಚಿಂತೆಯಿಲ್ಲ.

ಉಳಿದ ಭಾಗಗಳು

ಬ್ಯಾಟರಿಯ ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬಿಸಿ ನೀರಿಗೆ ಅಡಿಗೆ ಸೋಡ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಸೋಡದ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಒಣಗಿದ ಮೇಲೆ ಬಿಗಿ ಮಾಡಿ ಪೆಟ್ರೋಲಿಯಂ ಜೆಲ್ಲಿ ಸವರಿ.

ಫ್ಯೂಸಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಫ್ಯೂಸು ಹೋದಾಗ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು, ತಾಮ್ರದ ಎಳೆ ಕಟ್ಟುವುದು ನಮ್ಮಲ್ಲಿ ಸಾಮಾನ್ಯ. ಎಲ್ಲೋ ವೈರು ಸುಲಿದು ಮೈಗೆ ತಾಗಿದ್ದರಿಂದಲೇ ಫ್ಯೂಸು ಹೋಗಿರುತ್ತದೆ. ತಾಮ್ರದ ಎಳೆ ಕಟ್ಟಿದರೆ ಮುಂದಿನ ಸಲ ಸುಡುವುದು ಫ್ಯೂಸಲ್ಲ, ವೈರು. ಹಿಂದೆ ಒಣ ಹುಲ್ಲಿನ ಹೇರು ಇರುವ ದಿನ ಇದನ್ನು ನೆನೆಸಿಕೊಳ್ಳಿ. ಫ್ಯೂಸು ಮತ್ತೆ ಮತ್ತೆ ಹೋಗುತ್ತಿದ್ದರೆ ವೈರುಗಳು ತಗಡಿನ ತೂತುಗಳಲ್ಲಿ ತೂರಿ ಬರುವ ಜಾಗಗಳನ್ನು ನೋಡಿ; ಅಲ್ಲಿನ ರಬ್ಬರು ಬಳೆ ಬಿದ್ದುಹೋಗಿ ವೈರು ಉಜ್ಜಿರುತ್ತದೆ. ಕೊಟ್ಟಿಗೆಯಲ್ಲಿ ನಿಲ್ಲುವ ಗಾಡಿಯಾದರೆ ಇಲಿ ಕಡಿದಿರುವುದೂ ಉಂಟು.

ಬಲ್ಬನ್ನು ಕಣ್ಣಿನಿಂದ ನೋಡಿ ಸರಿಯಿದೆ ಎನ್ನಬೇಡಿ, ಬ್ಯಾಟರಿಗೇ ಹಿಡಿದು ಉರಿಸಿ ನೋಡಿ. ಹಿಂದಿನ ಕೆಂಪು ದೀಪದಲ್ಲಿ ಎರಡು ತಂತಿಯ 21/5 ವ್ಯಾಟಿನ ಬಲ್ಬು ಇರುತ್ತದೆ: 5 ವ್ಯಾಟು ಪಾರ್ಕಿಂಗಿಗೆ, 21 ವ್ಯಾಟು ಬ್ರೇಕಿಗೆ. ಇದರ ಎರಡು ಮೊಳೆಗಳು ಒಂದು ಮೇಲೆ, ಒಂದು ಕೆಳಗೆ ಇರುವುದು ತಿರುಗಾಮುರುಗಾ ಕೂರದಿರಲೆಂದೇ. ಸವೆದ ಹೋಲ್ಡರಿನಲ್ಲಿ ಒತ್ತಾಯದಿಂದ ತಿರುಗಿಸಿ ಕೂರಿಸಿದರೆ ಪಾರ್ಕಿಂಗಿಗೆ ದೊಡ್ಡ ತಂತಿ ಉರಿದು, ಬ್ರೇಕು ಒತ್ತಿದಾಗ ಹಿಂದಿನವನಿಗೆ ಏನೂ ತಿಳಿಯುವುದಿಲ್ಲ. ಹೋಲ್ಡರಿನ ತಳದ ಸ್ಪ್ರಿಂಗು ಸೋತಿದ್ದರೆ, ಹಿತ್ತಾಳೆಯಲ್ಲಿ ಕಿಲುಬು ಕಟ್ಟಿದ್ದರೆ ಹೋಲ್ಡರನ್ನೇ ಬದಲಾಯಿಸಿ. ಅದನ್ನು ಕೆರೆದು ಕೆರೆದು ಉಳಿಸಿಕೊಳ್ಳುವುದು ವ್ಯರ್ಥ ಶ್ರಮ.

ಇವೆಲ್ಲ ಸರಿಯಿದ್ದರೆ ಮಾತ್ರ ಫ್ಲಾಷರಿಗೆ ಬನ್ನಿ. ಅದರ ಮೇಲೆ ಇಂಗ್ಲಿಷ್ ಅಕ್ಷರಗಳಿರುತ್ತವೆ. ಬಿ ಅಥವಾ ಎಕ್ಸ್ ಎಂದಿರುವುದು ವಿದ್ಯುತ್ತು ಒಳಬರುವ ತುದಿ, ಎಲ್ ಎಂದಿರುವುದು ಸ್ವಿಚ್ಚಿನ ಕಡೆಗೆ ಹೋಗುವುದು, ಪಿ ಎಂದಿದ್ದರೆ ಅದು ಮೀಟರು ಹಲಗೆಯ ಸಣ್ಣ ದೀಪಕ್ಕೆ. ಕೀಲಿ ತಿರುಗಿಸಿ, ಒಳಬರುವ ತುದಿಗೆ ಪರೀಕ್ಷಾ ದೀಪ ಮುಟ್ಟಿಸಿ ವಿದ್ಯುತ್ತು ಬಂದಿದೆಯೆಂದು ಖಚಿತಪಡಿಸಿಕೊಳ್ಳಿ. ಇಂಡಿಕೇಟರನ್ನು ಎಡಕ್ಕೆ ಹಾಕಿ, ಫ್ಲಾಷರಿನಿಂದ ಬಿ, ಎಲ್ ಎರಡು ವೈರನ್ನೂ ಕಳಚಿ ಒಂದಕ್ಕೊಂದು ಕೂಡಿಸಿ. ಎಡದ ದೀಪಗಳು ಮಿನುಗದೆ ಒಂದೇ ಸಮನೆ ಪ್ರಕಾಶವಾಗಿ ಉರಿದರೆ ಫ್ಲಾಷರು ಕೆಟ್ಟಿದೆ, ಹೊಸದು ತನ್ನಿ. ಉರಿಯದಿದ್ದರೆ ಅಂಗಡಿಗೆ ಹೋಗಬೇಡಿ. ತೊಂದರೆ ಅಲ್ಲಿಂದ ಮುಂದೆ, ಸ್ವಿಚ್ಚಿನಲ್ಲೋ ವೈರಿನಲ್ಲೋ ಇದೆ.

ವೈರಿನ ಬಣ್ಣ ಹಿಡಿದು ಹುಡುಕುವವರು ಸ್ವಲ್ಪ ಎಚ್ಚರದಿಂದಿರಬೇಕು. ಬ್ರಿಟಿಷ್ ಪದ್ಧತಿಯಲ್ಲಿ ವೈರು ಹಾಕಿದ ಹಳೆಯ ಗಾಡಿಗಳಲ್ಲಿ ಹಸಿರಿನ ಮೇಲೆ ಕೆಂಪು ಗೆರೆ ಎಡದ ಇಂಡಿಕೇಟರಿಗೆ, ಹಸಿರಿನ ಮೇಲೆ ಬಿಳಿ ಗೆರೆ ಬಲಕ್ಕೆ, ಬರಿಯ ಕೆಂಪು ಪಾರ್ಕಿಂಗಿಗೆ, ಕಪ್ಪು ಅರ್ತಿಂಗಿಗೆ. ಆದರೆ ಮೂರು ಜನ ಮಾಲೀಕರನ್ನೂ ಮೂವತ್ತು ರಿಪೇರಿಗಳನ್ನೂ ಕಂಡ ಗಾಡಿಯಲ್ಲಿ ಕೈಗೆ ಸಿಕ್ಕ ಬಣ್ಣದ ವೈರು ಹಾಕಿರುತ್ತಾರೆ. ಪರೀಕ್ಷಾ ದೀಪ ಹೇಳಿದ್ದನ್ನು ನಂಬಿ.

ಟ್ರೇಲರು

ದಾರಿಯಲ್ಲಿ ಹಿಂದಿನಿಂದ ಬರುವವನಿಗೆ ಕಾಣುವುದು ಟ್ರಾಕ್ಟರಲ್ಲ, ಟ್ರೇಲರು. ಟ್ರಾಕ್ಟರಿನ ದೀಪಗಳನ್ನೆಲ್ಲ ಸರಿಪಡಿಸಿ ಟ್ರೇಲರಿಗೆ ದೀಪವಿಲ್ಲದಿದ್ದರೆ ಮಾಡಿದ ಕೆಲಸ ಹೊಳೆಯಲ್ಲಿ ಹುಣಿಸೆ ಹಣ್ಣು ತೊಳೆದಂತೆ.

ಟ್ರೇಲರಿನಲ್ಲಿ ಮಾಡುವ ಮುಖ್ಯ ತಪ್ಪು ಮತ್ತೆ ಅರ್ತಿಂಗಿನದೇ. ಕೊಂಡಿ ಮತ್ತು ಪಿನ್ನಿನ ಮೂಲಕ ಎರಡೂ ಕಬ್ಬಿಣಗಳು ಕೂಡಿವೆಯಲ್ಲ, ಬೇರೆ ವೈರು ಏಕೆ ಎನ್ನುತ್ತಾರೆ. ಕೊಂಡಿಯಲ್ಲಿ ಗ್ರೀಸು, ಮಣ್ಣು, ತುಕ್ಕು ಮೆತ್ತಿರುತ್ತವೆ. ಗಾಡಿ ಎಳೆಯುವಾಗ ಪಿನ್ನು ಒಂದು ಕಡೆ ಒತ್ತಿಕೊಂಡು ಹೇಗೋ ಸಂಪರ್ಕ ಸಿಗುತ್ತದೆ. ಇಳಿಜಾರಿನಲ್ಲಿ ಪಿನ್ನು ಸಡಿಲವಾದೊಡನೆ ಎಲ್ಲ ದೀಪಗಳೂ ಆರಿ ಹೋಗುತ್ತವೆ. ಅಂಗಳದಲ್ಲಿ ಪರೀಕ್ಷಿಸಿದಾಗ ಎಲ್ಲವೂ ಚೆನ್ನಾಗಿಯೇ ಕಾಣುವುದರಿಂದ ಮೋಸ ಹೋಗುತ್ತೀರಿ. ಆದ್ದರಿಂದ ಟ್ರೇಲರಿನ ಅರ್ತಿಂಗಿಗೆ ಪ್ರತ್ಯೇಕ ವೈರು ಇರಲೇಬೇಕು. ಎಲ್ಲ ದೀಪಗಳ ವಿದ್ಯುತ್ತೂ ಹಿಂದಿರುಗುವುದು ಅದೊಂದರಲ್ಲೇ ಆದ್ದರಿಂದ ಅದು ಉಳಿದವುಗಳಿಗಿಂತ ದಪ್ಪವಾಗಿರಲಿ: ಉಳಿದವು 1.5 ಚದರ ಮಿಲಿಮೀಟರಾದರೆ ಇದು 2.5. ಮನೆಗೆ ಹಾಕಿ ಉಳಿದ, ಒಂದೇ ಗಟ್ಟಿ ಎಳೆಯ ವೈರು ಬೇಡ, ಕುಲುಕಾಟಕ್ಕೆ ಒಳಗೇ ತುಂಡಾಗುತ್ತದೆ. ಹಲವು ಸಣ್ಣ ಎಳೆಗಳ ವೈರನ್ನೇ ತಂದು ಕೊಳವೆಯಲ್ಲಿ ತೂರಿಸಿ ಟ್ರೇಲರಿನ ತೊಲೆಯ ಒಳಬದಿಗೆ ಕಟ್ಟಿ.

ಟ್ರಾಕ್ಟರಿಗೂ ಟ್ರೇಲರಿಗೂ ನಡುವೆ ಏಳು ಕಡ್ಡಿಯ ಪ್ಲಗ್ಗು, ಸಾಕೆಟ್ಟು ಸಿಗುತ್ತವೆ. ರೂಢಿಯಲ್ಲಿರುವ ಅಂತರರಾಷ್ಟ್ರೀಯ ಕ್ರಮದಂತೆ 1ನೆಯ ಕಡ್ಡಿ ಎಡದ ಇಂಡಿಕೇಟರಿಗೆ, 3 ಅರ್ತಿಂಗಿಗೆ, 4 ಬಲದ ಇಂಡಿಕೇಟರಿಗೆ, 5 ಬಲದ ಪಾರ್ಕಿಂಗ್ ದೀಪಕ್ಕೆ, 6 ಬ್ರೇಕಿಗೆ, 7 ಎಡದ ಪಾರ್ಕಿಂಗ್ ದೀಪಕ್ಕೆ. 2ನೆಯದನ್ನು ಖಾಲಿ ಬಿಡಬಹುದು. ಈ ಕ್ರಮವನ್ನೇ ಅನುಸರಿಸಿದರೆ ಒಂದು ಲಾಭವಿದೆ. ಸುಗ್ಗಿಯಲ್ಲಿ ನೆರೆಯವರ ಟ್ರೇಲರನ್ನು ನೀವು, ನಿಮ್ಮದನ್ನು ಅವರು ಕಟ್ಟಿಕೊಂಡು ಹೋದಾಗಲೂ ಎಡಕ್ಕೆ ಹಾಕಿದರೆ ಎಡದ್ದೇ ಮಿನುಗುತ್ತದೆ.

ಟ್ರೇಲರು ಕಟ್ಟಿದಾಗ ಒಂದು ಬದಿಗೆ 21 ವ್ಯಾಟಿನ ಬಲ್ಬು ಎರಡರ ಬದಲು ಮೂರಾಗುತ್ತವೆ. ಮೂರೂವರೆ ಆಂಪಿಯರ್ ಹೋಗುತ್ತಿದ್ದಲ್ಲಿ ಐದೂಕಾಲು ಹೋಗುತ್ತದೆ. ಹಳೆಯ ಬಿಸಿ ತಂತಿಯ ಫ್ಲಾಷರು ಎರಡೇ ಬಲ್ಬಿಗೆ ಲೆಕ್ಕ ಹಾಕಿ ಮಾಡಿದ್ದು. ಲಯ ಕೆಡುತ್ತದೆ, ಬೇಗ ಹಾಳಾಗುತ್ತದೆ. ಟ್ರೇಲರಿಗೂ ಸೇರಿ ಲೆಕ್ಕವಿರುವ ಹೆಚ್ಚು ಶಕ್ತಿಯ ಫ್ಲಾಷರನ್ನು ಕೇಳಿ ತನ್ನಿ. ಈಗ ಎಲ್‌ಇಡಿ ದೀಪಗಳು ಎಲ್ಲೆಡೆ ಬಂದಿವೆ. ಕುಲುಕಾಟಕ್ಕೆ ಜಗ್ಗುವುದಿಲ್ಲ, ಕಡಿಮೆ ವಿದ್ಯುತ್ತು ಸಾಕು, ಟ್ರೇಲರಿನ ಹಿಂದಿನ ಕೆಂಪು ದೀಪಕ್ಕೆ ಬಹಳ ಒಳ್ಳೆಯವು. ಇಂಡಿಕೇಟರಿಗೆ ಹಾಕುವುದಾದರೆ ಮಾತ್ರ ಫ್ಲಾಷರನ್ನೂ ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಬಗೆಯದಕ್ಕೆ ಬದಲಾಯಿಸಬೇಕು. ಇಲ್ಲದಿದ್ದರೆ, ಬಲ್ಬು ಹೋಗಿದೆಯೆಂದು ತಿಳಿದು ಹಳೆಯ ಫ್ಲಾಷರು ಓಡುತ್ತದೆ ಅಥವಾ ಮಿನುಗುವುದನ್ನೇ ನಿಲ್ಲಿಸುತ್ತದೆ.

ದೀಪ ಎಲ್ಲಿರಬೇಕೆಂಬುದನ್ನೂ ಯೋಚಿಸಿ. ಕಬ್ಬಿನ ಸೋಗೆ, ಹುಲ್ಲಿನ ಹೇರು ಹಿಂದಕ್ಕೆ ಜೋತುಬಿದ್ದು ದೀಪವನ್ನು ಮುಚ್ಚಿದರೆ ಅದು ಉರಿದೂ ಉರಿಯದಂತೆ. ಹೇರು ಕಟ್ಟಿ ಮುಗಿದ ಮೇಲೆ ದೀಪ ಹಾಕಿ ನೂರು ಹೆಜ್ಜೆ ಹಿಂದಕ್ಕೆ ನಡೆದು ತಿರುಗಿ ನೋಡಿ. ಎರಡು ಕೆಂಪು ದೀಪ ಸ್ಪಷ್ಟವಾಗಿ ಕಾಣದಿದ್ದರೆ ಸೋಗೆ ಕತ್ತರಿಸಿ, ಇಲ್ಲವೇ ದೀಪಗಳನ್ನು ಇನ್ನೂ ಹೊರಕ್ಕೆ, ಟ್ರೇಲರಿನ ಮೂಲೆಗಳಿಗೆ ಸರಿಸಿ. ಅದೇ ಮೂಲೆಗಳಲ್ಲಿ ಕೆಂಪು ಪ್ರತಿಫಲಕಗಳನ್ನು, ಹಿಂಬದಿಯ ಹಲಗೆಯ ಅಗಲಕ್ಕೂ ಕೆಂಪು ಪ್ರತಿಫಲನ ಪಟ್ಟಿಯನ್ನು ಅಂಟಿಸಿ. ಇವಕ್ಕೆ ವೈರೂ ಬೇಡ, ಬ್ಯಾಟರಿಯೂ ಬೇಡ. ದೀಪ ಕೈಕೊಟ್ಟ ರಾತ್ರಿ ಹಿಂದಿನವನ ಬೆಳಕಿಗೆ ಇವೇ ಹೊಳೆಯುತ್ತವೆ. ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಸರು ಮೆತ್ತಿದ ಪ್ರತಿಫಲಕ ಹೊಳೆಯುವುದಿಲ್ಲ.

ರಾತ್ರಿ ದಾರಿಯಲ್ಲಿ ಟ್ರೇಲರು ಪಂಕ್ಚರಾಗಿ ನಿಂತರೆ ಆದಷ್ಟು ಮಣ್ಣಿನ ಅಂಚಿಗೆ ಇಳಿಸಿ, ಪಾರ್ಕಿಂಗ್ ದೀಪ ಉರಿಸಿಯೇ ಇಡಿ. ನಾಲ್ಕು 5 ವ್ಯಾಟಿನ ಬಲ್ಬುಗಳಿಗೆ ಬೇಕಾಗುವುದು ಎರಡು ಆಂಪಿಯರಿಗೂ ಕಡಿಮೆ. ಒಳ್ಳೆಯ ಬ್ಯಾಟರಿಯಾದರೆ ಇಡೀ ರಾತ್ರಿ ಉರಿದರೂ ಬೆಳಗ್ಗೆ ಗಾಡಿ ಸ್ಟಾರ್ಟಾಗುತ್ತದೆ. ಬ್ಯಾಟರಿ ಸೋತದ್ದಾದರೆ ಹಿಂದೆ ಐವತ್ತು ಅರವತ್ತು ಹೆಜ್ಜೆ ದೂರದಲ್ಲಿ ಟಾರ್ಚನ್ನೋ ಲಾಟೀನನ್ನೋ ಇಟ್ಟು ಒಬ್ಬರು ನಿಂತಿರಲಿ. ಸುತ್ತಲೂ ಕಲ್ಲು ಜೋಡಿಸುವ ಅಭ್ಯಾಸ ಬೇಡ. ಚಕ್ರಕ್ಕೆ ಒತ್ತುಕೊಡಲು ಕಲ್ಲು ಇಟ್ಟಿದ್ದರೆ ಹೊರಡುವಾಗ ಅದನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ. ಟ್ರೇಲರಿಗೆ ಬೇಕಾದರೆ ದೀಪವಿದ್ದೀತು, ಕತ್ತಲಲ್ಲಿ ಬಿದ್ದ ಕಲ್ಲಿಗೆ ಯಾವ ದೀಪವಿದೆ?

ಟ್ರೇಲರು ಬಿಚ್ಚಿದ ಮೇಲೆ ಪ್ಲಗ್ಗನ್ನು ನೆಲಕ್ಕೆ ಬಿಡದೆ ಬಾಯಿ ಕೆಳಗಾಗಿ ಒಂದು ಕೊಕ್ಕೆಗೆ ತೂಗುಹಾಕಿ, ಸಾಕೆಟ್ಟಿನ ಮುಚ್ಚಳ ಹಾಕಿ. ಮುಚ್ಚಳ ಮುರಿದಿದ್ದರೆ ಹಳೆಯ ಟ್ಯೂಬಿನ ತುಂಡನ್ನು ಕಟ್ಟಿದರೂ ಆದೀತು. ನಾಟಿಗೆ ಮುಂಚೆ ಒಮ್ಮೆ, ಕಟಾವಿಗೆ ಮುಂಚೆ ಒಮ್ಮೆ ಅದರ ಏಳು ಕಡ್ಡಿಗಳನ್ನೂ ಎಮರಿ ಕಾಗದದಿಂದ ತಿಕ್ಕಿ.